ಉಪ್ಪಿನಕಾಯಿಗೊಂದು ಲೇಬಲ್

ಮಾವ: ಲೇಬಲ್‌ಗೆ ಸಾವಿರ ಅಂದ್ಯಲ್ಲೋ, ಬಿಲ್ಲು ಯಾಕೆ ಬೆಳೆದಿದೆ?

ಅಳಿಯ: ಡಿಸೈನ್ ಮಾಡಿಸೋ ಫೈವರ್ ಅನ್ನೋ ಆನ್‌ಲೈನ್ ತಾಣದಲ್ಲಿ ಕೊಳ್ಳೋರ ಶುಲ್ಕ ಶೇ. 5.5 ಮಾವ. ಆರ್ಡರ್ ಚಿಕ್ಕದಾದ್ರೆ ಮೇಲೊಂದಿಷ್ಟು.

ಮಾವ: ಬಡವರಿಗೆ ದಂಡ! ಹೋಗಲಿ, ಡಿಸೈನರ್ ಹುಡುಗಿಗಾದರೂ ಸಾವಿರ ಸಿಗುತ್ತಲ್ಲ?

ಅಳಿಯ: ಎಂಟುನೂರು. ಅವಳ ಕಡೆಯಿಂದ ಶೇ. 20 ಮುರ್ಕೋತಾರೆ.

(ಮಾವನ ಕನ್ನಡಕ ಹಣೆಗೇರಿತು. ಲೆಕ್ಕ ಕೆಟ್ಟಾಗಲೆಲ್ಲ ಅದರ ಜಾಗ ಅಲ್ಲೇ.)

ಮಾವ: ಎರಡೂ ಕಡೆ ಕಮಿಷನ್! ಮದುವೆ ದಲ್ಲಾಳಿಯೂ ಇಷ್ಟು ಧೈರ್ಯ ಮಾಡಿರಲಿಲ್ಲ.

ಅಳಿಯ: ಲೇಬಲ್, ಬೋರ್ಡು, ಚೀಲ ಎಲ್ಲ ಒಂದೇ ಆರ್ಡರ್‌ನಲ್ಲಿ ಕೊಡೋಣ. ಚಿಕ್ಕ ಆರ್ಡರ್‌ನ ಆ ಮೇಲಿನ ಶುಲ್ಕ ಪ್ರತಿ ಸಲ ಬೀಳಲ್ಲ.

ಮಾವ: ನಂಬರ್ ಇಸ್ಕೊಂಡು ಹೊರಗೇ ಕೊಟ್ಟುಬಿಟ್ಟರೆ?

ಅಳಿಯ: ನಿಯಮಕ್ಕೆ ವಿರುದ್ಧ. ಅವಳ ಖಾತೆಗೇ ಕುತ್ತು.

ಮಾವ: ಛೆ ಛೆ, ಬೇಡ. ಯಾವ ದೇಶದವಳೋ ಪಾಪ?

ಅಳಿಯ: ನಮ್ಮ ಹಿಂದಿನ ಕ್ರಾಸು, ಮಾವ.