ಕಡಲಿಲ್ಲದ ಊರಿನ ಗೈಡು

ರಾಮಕೃಷ್ಣನಗರದಲ್ಲಿ ಮನೆ ಕಟ್ಟಿಕೊಂಡವರಿಗೆ ಅರಮನೆಯ ಸುತ್ತಮುತ್ತಲು ಅಂದರೆ ‘ಸಿಟಿ’. ಹಾಗಂತ ನಾವೇನೂ ಹಳ್ಳಿಯಲ್ಲಿಲ್ಲ. ಆಂದೋಲನ ಸರ್ಕಲ್ಲಿನ ಆಸುಪಾಸಿನಲ್ಲೇ ಬೇಕಾದ್ದೆಲ್ಲ ಸಿಗುತ್ತದೆ, ನಾಟಕ ನೋಡಬೇಕೆನಿಸಿದರೆ ‘ನಟನ’ ರಂಗಶಾಲೆ ಇದೆ. ಹೀಗಿರುವಾಗ ಸಿಟಿಗೆ ಹೋಗಿ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುತ್ತ ಯಾಕೆ ಸಾಯಬೇಕು ಅನ್ನುವುದು ನನ್ನ ಸಿದ್ಧಾಂತ. ಅರಮನೆಯನ್ನು ನಾನು ವರ್ಷಕ್ಕೊಮ್ಮೆ ತಪ್ಪದೆ ನೋಡುತ್ತೇನೆ. ದಸರೆಯ ದಿನ, ಟೀವಿಯಲ್ಲಿ.

ಈ ವ್ಯವಸ್ಥೆಗೆ ಕಲ್ಲು ಹಾಕಿದವನು ಲಂಡನ್ನಿನಿಂದ ಬಂದ ನನ್ನ ಭಾವಮೈದ. ಬಂದ ರಾತ್ರಿಯೇ ಅವನ ಬಾಯಲ್ಲಿ ಗ್ರೀನಿಚ್ ಶುರುವಾಯಿತು. ಅಲ್ಲಿ ಗೈಡ್ ಜೊತೆ ಅರ್ಧ ದಿನ ನಡೆದರಂತೆ. ಎಂಟನೇ ಹೆನ್ರಿ 1491ರಲ್ಲಿ ಹುಟ್ಟಿದ್ದು ಅಲ್ಲೇ ಅಂತೆ. 1675ರ ವೀಕ್ಷಣಾಲಯ, ಚೀನಾದಿಂದ ಚಹಾ ತರುತ್ತಿದ್ದ ಕಟ್ಟಿ ಸಾರ್ಕ್ ಹಡಗು, ಎಲ್ಲ ಒಂದೇ ಕಡೆ. “ರಾಜರೂ ಹಡಗೂ ಒಟ್ಟಿಗೆ, ಭಾವ!” ಅಂದ. ಚಪಾತಿ ಮುರಿಯುತ್ತಿದ್ದ ನನ್ನೊಳಗಿನ ಮೈಸೂರು ಕೆರಳಿತು. “ನಾಳೆ ಭಾನುವಾರ. ನಾನೇ ಗೈಡು. ಬೆಳಗ್ಗೆ ಏಳಕ್ಕೆ ಟೌನ್‌ಹಾಲ್” ಅಂದುಬಿಟ್ಟೆ. ಅಡುಗೆಮನೆಯಿಂದ ಹೆಂಡತಿ ಇಣುಕಿ, “ಹಾಲು ತರೋಕೆ ಮೂಲೆ ಅಂಗಡಿಗೆ ಗಾಡಿ ತೆಗೆಯೋರು ನೀವೇ ಅಲ್ವಾ?” ಅಂತ ಖಚಿತಪಡಿಸಿಕೊಂಡಳು.

ಏಳಕ್ಕೆ ಅಂದದ್ದು ಎಂಟೂವರೆಯಾಯಿತು. ಟೌನ್‌ಹಾಲ್ ಮುಂದೆ ನಿಂತು ಗಂಟಲು ಸರಿಮಾಡಿಕೊಂಡೆ. ರಂಗಾಚಾರ್ಲು ಅವರ ನೆನಪಿನ ಭವನ, 1884ರದ್ದು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುಮಾಡಿದ ದಿವಾನರು. ಇಷ್ಟು ಹೇಳುವಷ್ಟರಲ್ಲಿ ಉಸಿರು ಮೇಲಕ್ಕೆ ಬಂದಿತ್ತು. ಆಗಿನ್ನೂ ನಡಿಗೆ ಶುರುವಾಗಿರಲಿಲ್ಲ.

ದೊಡ್ಡ ಗಡಿಯಾರದ ಬುಡದಲ್ಲಿ ಒಳ್ಳೆಯ ನೆರಳು ಸಿಕ್ಕಿದ್ದರಿಂದ ಅಲ್ಲಿಯ ಇತಿಹಾಸವನ್ನು ವಿಸ್ತಾರವಾಗಿ ಹೇಳಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದ ಗೋಪುರ, ಎಪ್ಪತ್ತೈದು ಅಡಿ, ಮುಖದ ಮೇಲೆ ಕನ್ನಡದ ಅಂಕಿ. ಭಾವಮೈದ ತಲೆಯೆತ್ತಿ ನೋಡಿ, “ಲೋಕಕ್ಕೆಲ್ಲ ಟೈಮ್ ಕೊಡೋದು ಗ್ರೀನಿಚ್” ಅಂದ. ನಾವು ಅವರಿಗಿಂತ ಐದೂವರೆ ಗಂಟೆ ಮುಂದಿದ್ದೇವೆ ಅಂತ ತಿರುಗೇಟು ಕೊಟ್ಟೆ. ಅವನ ಮಗಳು ಮೊಬೈಲಿನಿಂದ ಕಣ್ಣೆತ್ತದೆ, “ಬೇಸಿಗೆಯಲ್ಲಿ ನಾಲ್ಕೂವರೆ, ಮಾವ” ಅಂದಳು. ಈಗಿನ ಮಕ್ಕಳಿಗೆ ದೊಡ್ಡವರ ಮಾತಿಗೆ ಪೂರ್ಣವಿರಾಮ ಹಾಕಲು ಬಿಡುವ ಅಭ್ಯಾಸವಿಲ್ಲ.

ಅರಮನೆಯ ಬಳಿ ನನ್ನ ಅತ್ಯುತ್ತಮ ಕಥೆ ಇತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ನಡೆಯುತ್ತಿದ್ದಾಗ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಮಗ ಇನ್ನೂ ಚಿಕ್ಕವನಾದ್ದರಿಂದ ರಾಜ್ಯ ನೋಡಿಕೊಳ್ಳುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯನ್ನು ಕರೆಸಿ ಹೊಸದನ್ನು ಕಟ್ಟಿಸಿದರು. ಕೆಲಸ ಮುಗಿದದ್ದು 1912ರಲ್ಲಿ, ಖರ್ಚು ನಲವತ್ತೊಂದು ಲಕ್ಷದ ಮೇಲೆ. ಹೆಂಡತಿ ಮೊದಲ ಸಲ ನನ್ನ ಮಾತಿಗೆ ಕಿವಿಗೊಟ್ಟಳು. ಖುಷಿಯಾಯಿತು. “ನೋಡಿ, ಅವರ ಮದುವೇಲಿ ಅರಮನೆಯೇ ಹೋಯ್ತು. ನಮ್ಮ ಮದುವೇಲಿ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು ಅಂತ ನಿಮ್ಮಮ್ಮ ಇವತ್ತಿಗೂ ಹೇಳ್ತಾರೆ” ಅಂದಳು. ಅರಮನೆ ಕಟ್ಟಲು ಹದಿನೈದು ವರ್ಷ ಯಾಕೆ ಬೇಕಾಯಿತು ಅಂತ ಭಾವಮೈದ ಕೇಳಿದ್ದಕ್ಕೂ ಅವಳದೇ ಉತ್ತರ: “ನಮ್ಮ ಮಹಡಿ ರೂಮು ನೋಡಿದ್ಯಲ್ಲ, ಕಂಬಿ ಇನ್ನೂ ಆಕಾಶ ನೋಡ್ತಿದೆ. ಅವರು ಮುಗಿಸಿದ್ರಲ್ಲ, ಅದೇ ಹೆಚ್ಚು.”

ಆಗ ಹುಡುಗಿ ಕೇಳಿದಳು: “ರಾಜರು ಆಯ್ತು. ಹಡಗು ಎಲ್ಲಿ?”

ಕುಕ್ಕರಹಳ್ಳಿ ಕೆರೆ ಅನ್ನಲು ಬಾಯಿ ಬಂತು, ನುಂಗಿದೆ. ಬದಲಿಗೆ ಟಿಪ್ಪುವನ್ನು ಕರೆತಂದೆ. 1796ರಲ್ಲಿ ಅವನು ಒಂದು ನೌಕಾ ಇಲಾಖೆಯನ್ನೇ ಕಟ್ಟಿದ, ಹತ್ತಾರು ಯುದ್ಧನೌಕೆಗಳ ಯೋಜನೆ ಹಾಕಿದ, ಮಂಗಳೂರಿನಲ್ಲಿ ಹಡಗುಕಟ್ಟೆ ಅಂದ. ಮೂರು ವರ್ಷದಲ್ಲಿ, 1799ರಲ್ಲಿ, ಶ್ರೀರಂಗಪಟ್ಟಣವೇ ಬಿದ್ದು ಎಲ್ಲ ಕಾಗದದಲ್ಲೇ ಉಳಿಯಿತು. ಇಲಾಖೆಯನ್ನು ನಡೆಸಬೇಕಿದ್ದ ‘ಮೀರ್ ಯಮ್’ ಎಂಬ ದೊಡ್ಡ ಅಧಿಕಾರಿಗಳಿಗೆ ಠಿಕಾಣಿ ಶ್ರೀರಂಗಪಟ್ಟಣದಲ್ಲಿ. ಕಡಲು ಘಟ್ಟದ ಆಚೆ, ಅಧಿಕಾರಿಗಳು ಕಾವೇರಿಯ ನಡುವೆ.

“ಅಂದರೆ ನೀರಿಗಿಳಿಯದೆ ಹಡಗು ನಡೆಸೋರು” ಅಂತ ಹೆಂಡತಿ ಅರ್ಥಮಾಡಿಕೊಂಡಳು. ಆಮೇಲೆ ನನ್ನ ಕಡೆ ನೋಡಿ, “ಸೋಫಾ ಮೇಲೆ ಕೂತು ವಾಕಿಂಗಿನ ಲಾಭ ಹೇಳೋರ ಹಾಗೆ” ಅಂದಳು. ಅಂದಿನಿಂದ ನಮ್ಮ ಮನೆಯಲ್ಲಿ ನನಗೆ ಮೀರ್ ಯಮ್ ಅನ್ನುವ ಪದವಿ ಖಾಯಂ ಆಗಿದೆ.

ಕೆ.ಆರ್. ಸರ್ಕಲ್ ದಾಟುವಷ್ಟರಲ್ಲಿ ನನ್ನ ಹಿಮ್ಮಡಿ ಮುಷ್ಕರ ಹೂಡಿತ್ತು. 2012ರಲ್ಲಿ ಒಂದು ಭಾಗ ಕುಸಿದ ಲ್ಯಾನ್ಸ್‌ಡೌನ್ ಕಟ್ಟಡವನ್ನೂ 2016ರಲ್ಲಿ ಕುಸಿದ ದೇವರಾಜ ಮಾರುಕಟ್ಟೆಯ ಉತ್ತರ ಬಾಗಿಲನ್ನೂ ತೋರಿಸಿ, ಕೆಡವಬೇಕೋ ಉಳಿಸಬೇಕೋ ಎಂಬ ವಾದವನ್ನು ವಿವರಿಸಲು ಹೊರಟೆ. ಕೇಳಲು ಯಾರೂ ಇರಲಿಲ್ಲ. ಹೆಂಡತಿ ಅವರಿಬ್ಬರನ್ನೂ ಮಾರುಕಟ್ಟೆಯ ಒಳಗೆ ಕರೆದುಕೊಂಡು ಹೋಗಿಯಾಗಿತ್ತು.

ನಿಜವಾದ ಟೂರ್ ಶುರುವಾದದ್ದು ಅಲ್ಲಿ. ಮಲ್ಲಿಗೆಯನ್ನು ಮೊಳದಲ್ಲಿ ಅಳೆಯುವಾಗ ಯಾರ ಕೈ ನೋಡಬೇಕು, ಚಿಗುರು ವೀಳ್ಯದೆಲೆ ಯಾವ ಸಾಲಿನಲ್ಲಿ, ನಂಜನಗೂಡು ರಸಬಾಳೆ ಅಂತ ಬೇರೆ ಹಣ್ಣು ದಾಟಿಸುವವರನ್ನು ಹಿಡಿಯುವುದು ಹೇಗೆ, ಎಲ್ಲವನ್ನೂ ಅವಳು ಹೇಳುತ್ತಿದ್ದಳು. ಕುಂಕುಮದ ಗುಡ್ಡೆಗಳ ಮುಂದೆ ಹುಡುಗಿ ಮೊಬೈಲನ್ನು ಫೋಟೋಗೆ ಮಾತ್ರ ಎತ್ತಿದಳು. ಅಂಗಡಿಯವರೆಲ್ಲ ಹೆಂಡತಿಯನ್ನು “ಅಕ್ಕಾ” ಅಂದರು. ನನ್ನನ್ನು “ಸಾರ್, ಸ್ವಲ್ಪ ಸರ್ಕೊಳ್ಳಿ” ಅಂದರು. ಒಂದೂ ಇಸವಿ ಹೇಳದೆ ಊರನ್ನು ಹೀಗೂ ತೋರಿಸಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿರಲಿಲ್ಲ ಬಿಡಿ.

ನಿಮಗೂ ಈ ಕಡೆ ಒಮ್ಮೆ ನಡೆಯಬೇಕೆನಿಸಿದರೆ, ದಸರೆಯ ಹೊತ್ತಿಗೆ ಪುರಾತತ್ತ್ವ ಇಲಾಖೆಯವರು ಪಾರಂಪರಿಕ ನಡಿಗೆ ಏರ್ಪಡಿಸುತ್ತಾರೆ, ದಂಪತಿಗಳಿಗೆ ಟಾಂಗಾ ಸವಾರಿಯೂ ಉಂಟು. ಹಿಮ್ಮಡಿ ನೋವಿರುವ ಗಂಡಸರು ಎರಡನೆಯದಕ್ಕೆ ಹೆಸರು ಕೊಡುವುದು ಕ್ಷೇಮ. ಮಾರುಕಟ್ಟೆಯೊಳಗೆ ಮಾತ್ರ ಮನೆಯವರ ಹಿಂದೆಯೇ ನಡೆಯಿರಿ, ಚೀಲ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು.