ತಂಬೂರಿಯ ಮುಂದೆ 192 ಕಿಲೋಹರ್ಟ್ಸ್

ಸದಲಗಾದ ಭಜನೆ ಮನೆಯೊಂದರ ಗೋಡೆಗೆ ಒರಗಿದ್ದ ಮಿರಜ್ ತಂಬೂರಿ ಸಂದರ್ಶನಕ್ಕೆ ಒಂದೇ ಕರಾರು ಹಾಕಿತು: ಮೊದಲು ಶ್ರುತಿ, ಆಮೇಲೆ ಪ್ರಶ್ನೆ. ವರದಿಗಾರನಿಗೆ ಗೂಟ ತಿರುವಲು ಬರಲಿಲ್ಲ. ಭಜನೆಯ ಹಿರಿಯರೊಬ್ಬರು ತಿರುವಿಕೊಟ್ಟರು. 2024ರಲ್ಲಿ ಮಿರಜಿನ ಸಿತಾರ್, ತಂಬೂರಿಗಳಿಗೆ ಜಿಐ ಟ್ಯಾಗ್ ಸಿಕ್ಕ ಮೇಲೆ ತಂಬೂರಿಯ ಮನೆತನಕ್ಕೆ ಸ್ವಲ್ಪ ಠೇಂಕಾರ ಬಂದಿದೆ.

‘ಹೈ-ರೆಸ್ ಸಂಗೀತ ಕೇಳಿದ್ದೀರಾ?’ ಎಂದು ವರದಿಗಾರ ಫೋನು ಎತ್ತಿ ಹಿಡಿದ. ‘24 ಬಿಟ್, 192 ಕಿಲೋಹರ್ಟ್ಸ್! ಸಿಡಿಯಲ್ಲಿ ಬರೀ 16 ಬಿಟ್, 44.1.’

‘ಬರೀ ಅಂತೀರಲ್ರಿ! ಸೆಕೆಂಡಿಗೆ 44,100 ಸಲ ಅಳತಿ ಮಾಡಿದ್ರ 22 ಕಿಲೋಹರ್ಟ್ಸ್ ತನಕದ ದನಿ ಪೂರಾ ಬರ್ತದ. ಮನುಷ್ಯಾರ ಕಿವಿ 20ಕ್ಕ ಮುಗೀತು, ವಯಸ್ಸಾದಂಗ ಅದೂ ಇಳೀತದ. ಉಳದದ್ದು ಬಾವಲಿಗೆ ಮಾರ್ತೀರೇನ್ರಿ? ಮರಕ್ಕ ಜೋತಾಡೋ ದೊಡ್ಡ ಬಾವಲಿಗೂ ಅದು ಬ್ಯಾಡ. ಕಣ್ಣು, ಮೂಗು ನಂಬಿ ಬದಕೂದು ಅದು. ಹುಳಾ ಹಿಡಿಯೋ ಸಣ್ಣವಕ್ಕ ಒಯ್ದು ಕೊಡ್ರಿ.’

ವರದಿಗಾರ ಸಂಶೋಧನೆಗಳ ಮೊರೆ ಹೋದ. ಅಲ್ಲಿಯೂ ಸುಖವಿರಲಿಲ್ಲ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಹೈ-ರೆಸ್ ಸಂಗೀತವನ್ನೂ, ಅದನ್ನೇ ಸಿಡಿ ಮಟ್ಟಕ್ಕಿಳಿಸಿದ್ದನ್ನೂ ಗುಟ್ಟಾಗಿ ಅದಲುಬದಲು ಮಾಡಿ ಕೇಳಿಸಿದರು. 554 ಸಲ ಕೇಳಿಸಿದಾಗ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ 18 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ಸರಿಯುತ್ತರ ಶೇಕಡಾ 52.3, ಪಳಗಿದ ಕಿವಿಗಳಿಗೆ ಇನ್ನಷ್ಟು ಹೆಚ್ಚು.

‘ಹಂಗಾದ್ರ ಏನೋ ಒಂಚೂರು ಅದ,’ ಎಂದು ತಂಬೂರಿ ಒಪ್ಪಿಕೊಂಡಿತು. ‘ರೆಕಾರ್ಡ್ ಮಾಡೂ ಮುಂದ 24 ಬಿಟ್ ಇರಲಿ, ಗಾಯಕರು ಒಮ್ಮಿಂದೊಮ್ಮೆ ದನಿ ಏರಿಸಿದ್ರ ತಡಕೋತದ. ಕೇಳಾಕ ಯಾಕ್ರಿ?’

ಆತ ಕೊನೆಯ ಅಸ್ತ್ರ ತೆಗೆದ: ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಹಾಡು, 192ರಲ್ಲಿ. ತಂಬೂರಿ ಮೆತ್ತಗಾಯಿತು. ‘ಖಾನ್‌ಸಾಹೇಬರು 1937ರಾಗ ಹೋದ್ರು, ಮಿರಜಿನ ದರ್ಗಾದಾಗ ಅದಾರ. ಅವರು ಹಾಡಿದ್ದು 78 ಸುತ್ತಿನ ತಟ್ಟಿಗೆ, ಒಂದು ಮಗ್ಗಲಿಗೆ ಮೂರು ಮಿನಿಟು ಚಿಲ್ಲರೆ. ತಟ್ಟಿ ಹಿಡೀದ ದನಿ ಫೈಲಿಗೆ ಎಲ್ಲಿಂದ ಬರ್ತದ? ಮುಳ್ಳಿನ ಸರಸರ ಮಾತ್ರ ಭಾಳ ಸ್ವಚ್ಛ ಕೇಳ್ತದ.’

ಹಿರಿಯರು ತಂಬೂರಿಯ ಕುದುರೆಯ ಮೇಲೆ, ತಂತಿಯಡಿ ಸಿಕ್ಕಿಸಿದ್ದ ಹತ್ತಿಯ ದಾರವನ್ನು ಕೂದಲೆಳೆಯಷ್ಟು ಸರಿಸಿದರು. ಮಂಕಾಗಿದ್ದ ಖರ್ಜದ, ಅಂದರೆ ಮಂದ್ರ ಷಡ್ಜದ, ತಂತಿ ಝೇಂಕರಿಸಿತು. ಯಾರೂ ಮೀಟದ ಗಾಂಧಾರವೊಂದು ಅದರೊಳಗಿಂದ ತಾನಾಗಿ ಎದ್ದಿತು. ಇಂಥ ವ್ಯತ್ಯಾಸ ಕೇಳಲು ಯಾವ ಚಂದಾ ಹಣವೂ ಬೇಕಿರಲಿಲ್ಲ.

ಅಷ್ಟರಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಸೌಂಡ್ ಬಾಕ್ಸ್ ಮೊಳಗಿಸುತ್ತ ಹಾದುಹೋಯಿತು. ಸಂದರ್ಶನ ನಿಂತಿತು, ಗೋಡೆಯೂ ನಡುಗಿತು.

ವರದಿಗಾರ ಬ್ಲೂಟೂತ್ ಇಯರ್‌ಫೋನ್ ಸಿಕ್ಕಿಸಿಕೊಂಡ. ಮೂರು ನಿಮಿಷದ ಹಾಡಿಗೆ 200 ಎಂಬಿ ಮೀರುವ ಫೈಲು ಫೋನಿನಿಂದ ಕಿವಿಗೆ ಜಿಗಿಯುವಾಗ ಮತ್ತೆ ಹಿಂಡಿ ಹಿಪ್ಪೆಯಾಗುವುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

‘24 ಬಿಟ್‌ನ ಮೌನ ಎಷ್ಟು ಆಳ ಗೊತ್ತೇ?’ ಎಂದು ಕಣ್ಣು ಮುಚ್ಚಿದ.

‘ಮೊದ್ಲು ತಲಿಮ್ಯಾಲಿನ ಫ್ಯಾನ್ ಬಂದ್ ಮಾಡ್ರಿ,’ ಎಂದಿತು ತಂಬೂರಿ.