ಕೂಸಿಗಿಂತ ಮೊದಲಿನ ಕುಲಾವಿ

ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗ ನಲವತ್ತು ದಾಟುವ ಹೊತ್ತಿಗೆ ಬೇಸ್‌ಮೆಂಟಿಗೆ ಏನಾದರೂ ಒಂದು ಗತಿ ಕಾಣಿಸಲೇಬೇಕು. ಕೆಲವರು ಹೋಮ್ ಥಿಯೇಟರ್ ಕಟ್ಟುತ್ತಾರೆ. ಕೆಲವರು ಟ್ರೆಡ್‌ಮಿಲ್ ತಂದಿಟ್ಟು ಅದರ ಮೇಲೆ ಬಟ್ಟೆ ಒಣಹಾಕುತ್ತಾರೆ. ಮೂರನೆಯವನೊಬ್ಬನಿದ್ದಾನೆ: ಹವಳದ ಅಕ್ವೇರಿಯಮ್ಮಿಗೆಂದೇ ಅಲ್ಲೊಂದು ಕೋಣೆ ಕಟ್ಟಲು ಹೊರಟವನು. ಹೊರಟವನು ಅಂದೆ, ಮುಟ್ಟಿದವನು ಅನ್ನಲಿಲ್ಲ. ಅವನಲ್ಲಿ ನಕ್ಷೆಯಿದೆ, ನಕ್ಷೆಗೆ ಹದಿನಾಲ್ಕು ಆವೃತ್ತಿಗಳಿವೆ, ಪೈಪಿಗೊಂದು ಬಣ್ಣದ ಗುರುತಿದೆ; ಮೀನೊಂದಿಲ್ಲ. ಯುಗಾದಿ ಊಟಕ್ಕೆ ಬಂದ ಕನ್ನಡ ಕೂಟದವರಿಂದ ಹಿಡಿದು ಆರು ತಿಂಗಳಿಗೆಂದು ಮೈಸೂರಿನಿಂದ ಬಂದ ಅತ್ತೆಯವರೆಗೆ ಎಲ್ಲರ ಬಾಯಲ್ಲೂ ಒಂದೇ ಗಾದೆ: ಕೂಸು ಹುಟ್ಟುವ ಮುಂಚೆ ಕುಲಾವಿ. ಕಡಲಿನ ಕೂಸಿನ ಮಟ್ಟಿಗೆ ಆ ಗಾದೆಯೇ ತಪ್ಪು, ಈ ಮನುಷ್ಯನೇ ಸರಿ ಎಂಬುದು ನನ್ನ ವಾದ.

ಅವನು ಮೊದಲು ನೋಡುವುದು ನೆಲವನ್ನು. ಆರಡಿ ಉದ್ದ, ಎರಡಡಿ ಅಗಲದ 180 ಗ್ಯಾಲನ್ ತೊಟ್ಟಿಯೆಂದರೆ ಸುಮಾರು 680 ಲೀಟರ್. ಉಪ್ಪುನೀರಿನ ತೂಕವೇ 700 ಕಿಲೋ ಆಸುಪಾಸು, ಗಾಜು ಮತ್ತು ಕಲ್ಲು ಬೇರೆ. ಅಲ್ಲಿನ ಮನೆಗಳ ಮರದ ಅಂತಸ್ತನ್ನು ಸಾಮಾನ್ಯವಾಗಿ ಚದರಡಿಗೆ 40 ಪೌಂಡ್ ಲೆಕ್ಕದಲ್ಲಿ ಕಟ್ಟುತ್ತಾರೆ, ಈ ತೊಟ್ಟಿ ಕೂತ ಜಾಗದಲ್ಲಿ ಭಾರ ಅದರ ಮೂರುಪಟ್ಟು ಮೀರುತ್ತದೆ. ಆದ್ದರಿಂದ ಬೇಸ್‌ಮೆಂಟಿನ ಕಾಂಕ್ರೀಟ್ ನೆಲ ಅವನಿಗೆ ಶೋಕಿಯಲ್ಲ, ಗಣಿತ. ಅಗಸ್ತ್ಯರು ಕಡಲನ್ನು ಕುಡಿದರು. ಇವನು ಕಡಲನ್ನು ಕಲಸುತ್ತಾನೆ. ನಲ್ಲಿಯ ನೀರನ್ನು ಆರ್‌ಓ ಯಂತ್ರದಲ್ಲಿ ಸೋಸಿ, ಲೀಟರಿಗೆ 35 ಗ್ರಾಂ ಉಪ್ಪು. ಒಂದು ಸಲ ತೊಟ್ಟಿ ತುಂಬಲು 24 ಕಿಲೋ ಬೇಕು, ಒಂದು ಕೇರಿಗೆ ಮಿಡಿ ಉಪ್ಪಿನಕಾಯಿ ಹಾಕಬಹುದು. ಆಮೇಲೆ ದಿನಕ್ಕೆ ಐದಾರು ಲೀಟರ್ ಆವಿಯಾಗಿ ಗೋಡೆ ಸೇರುತ್ತದೆ; ಚಳಿಗಾಲದಲ್ಲಿ ಕಿಟಕಿ ಮುಚ್ಚಿದರೆ ಗೋಡೆಗೆ ಬೂಷ್ಟು, ಹೊರಗೆ ಹೋಗದ ನಮ್ಮ ಉಸಿರಿನಿಂದ ನೀರಿನ ಪಿಎಚ್ ಇಳಿತ. ಅದಕ್ಕೇ ಎಕ್ಸಾಸ್ಟ್ ಫ್ಯಾನು. ಕರೆಂಟು ಹೋಗಿ ಪಂಪು ನಿಂತಾಗ ಮೇಲಿನ ನೀರು ಸ್ವಲ್ಪಮಟ್ಟಿಗೆ ಕೆಳಗಿನ ಸಂಪಿಗೆ ಇಳಿದೇ ಇಳಿಯುತ್ತದೆ, ಸಂಪಿನಲ್ಲಿ ಅಷ್ಟು ಜಾಗ ಬಿಟ್ಟಿರದಿದ್ದರೆ ಕಾರ್ಪೆಟ್ಟು ಅರಬ್ಬಿ ಸಮುದ್ರ. ಈ ಒಂದೊಂದು ಸಂಗತಿಯನ್ನೂ ಮೀನು ತಂದ ಮೇಲೆ ಕಲಿಯುವವರಿದ್ದಾರೆ. ಅವರ ಪಾಠದ ಫೀಸನ್ನು ಕಟ್ಟುವುದು ಮೀನು.

ಕಲಿಯುತ್ತಾ ಸಾಕಬಾರದೇ, ನಮ್ಮ ಅಜ್ಜಂದಿರು ಬಾವಿಯಲ್ಲಿ ಮೀನು ಬಿಡುತ್ತಿರಲಿಲ್ಲವೇ ಎಂದು ಕೇಳುವವರುಂಟು. ಬಾವಿಯ ಮೀನು ಮಳೆ ಬಂದರೂ ಬೇಸಿಗೆ ಬಂದರೂ ಹೊಂದಿಕೊಳ್ಳುವ ಸಂಸಾರಸ್ಥ. ಹವಳ ಹಾಗಲ್ಲ, ಮದುವೆಮನೆಯ ಗಂಡಿನ ಸೋದರಮಾವನ ಹಾಗೆ: ಉಷ್ಣತೆ 25-26 ಡಿಗ್ರಿ ಬಿಟ್ಟು ಅತ್ತಿತ್ತ ಹೋದರೆ ಮುಖ ಬಾಡುತ್ತದೆ, ಕ್ಯಾಲ್ಸಿಯಂ ಕಡಿಮೆಯಾದರೆ ಬೆಳೆಯುವುದಿಲ್ಲ, ಬೆಳಕು ಹೆಚ್ಚಾದರೆ ಬಿಳಚಿಕೊಳ್ಳುತ್ತದೆ. ಹೊಸ ತೊಟ್ಟಿಯಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರುವುದಕ್ಕೇ ಕೆಲವು ವಾರ ಬೇಕು. ಹೊಸ ಮೀನನ್ನು ಬೇರೆ ತೊಟ್ಟಿಯಲ್ಲಿ ವಾರಗಟ್ಟಲೆ ಕ್ವಾರಂಟೈನ್ ಮಾಡದೆ ಬಿಟ್ಟರೆ, ಬಿಳಿಚುಕ್ಕೆ ರೋಗ ಇಡೀ ಸಂಸಾರಕ್ಕೆ ತಗಲುತ್ತದೆ. ಇಂಥ ಅತಿಥಿಯನ್ನು ಬರಮಾಡಿಕೊಳ್ಳುವವನು ಚಪ್ಪರ ಮೊದಲು ಹಾಕಿದರೆ ನಗುವುದೇಕೆ?

ದುಡ್ಡಿನ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಅವನ ಹೆಂಡತಿಯ ಹತ್ತಿರವೂ ಇಲ್ಲ. ಮಡಿಯ ಆಕ್ಷೇಪ ಇನ್ನೂ ಗಟ್ಟಿ: ಹುಟ್ಟಾ ಸಸ್ಯಾಹಾರಿಯ ಮನೆಯ ಫ್ರೀಜರಿನಲ್ಲಿ ತೆಂಗಿನ ತುರಿಯ ಪೊಟ್ಟಣದ ಪಕ್ಕ ಮೀನಿನ ಮೇವಾದ ಮೈಸಿಸ್ ಸಿಗಡಿಯ ಪೊಟ್ಟಣಕ್ಕೆ ಈಗಲೇ ಜಾಗ ಕಾದಿರಿಸಲಾಗಿದೆ. ಆದರೆ ಕೋಣೆಯ ನಕ್ಷೆಯಲ್ಲಿ ಅದಕ್ಕೆಂದೇ ಚಿಕ್ಕ ಫ್ರೀಜರ್ ಬಂದಿರುವುದು ಆವೃತ್ತಿ ಒಂಬತ್ತರಿಂದ, ಅಂದರೆ ಅತ್ತೆ ಬಂದ ವಾರದಿಂದ. ಪ್ರತ್ಯೇಕ ಕೋಣೆ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕಡಲನ್ನು ದೋಚುವುದು ಸರಿಯೇ ಎಂಬ ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ಭಾರತದಲ್ಲಿ ಬಂಡೆ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲಿವೆ. ಈ ಮಹಾಶಯ ಊರಿಗೆ ಬಂದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯ ಹವಳ ನೋಡಿ ಬರಬೇಕು, ಜೇಬಿಗೆ ಹಾಕುವಂತಿಲ್ಲ. ಅಮೆರಿಕದಲ್ಲಿ ಸಾಕಣೆಯಲ್ಲೇ ಹುಟ್ಟಿದ ಕ್ಲೌನ್ ಮೀನು ಸಿಗುತ್ತದೆ, ಹವಳದ ತುಂಡನ್ನು ಗುಲಾಬಿ ಕಡ್ಡಿಯಂತೆ ಕತ್ತರಿಸಿ ನೆಟ್ಟು ಬೆಳೆಸುತ್ತಾರೆ. ಹವಾಯಿಯಲ್ಲಿ ಹಳದಿ ಟ್ಯಾಂಗ್ ಮೀನನ್ನೂ 2015ರಲ್ಲಿ ಮರಿಮಾಡಿಸಿ ಬೆಳೆಸಿದರು. ಆದರೂ ಅಂಗಡಿಗೆ ಬರುವ ಬಹಳಷ್ಟು ಕಡಲಮೀನು ಇವತ್ತಿಗೂ ಬಲೆಯಿಂದಲೇ ಬರುವುದು. ಅಲ್ಲಿಗೆ ಆವೃತ್ತಿ ಹದಿನೈದಕ್ಕಾಗಿ ಮೀನನ್ನು ಕಾಯಿಸುವವನು ಆತುರಗಾರನಿಗಿಂತ ಕಡಲಿಗೆ ಹೆಚ್ಚು ಬೇಕಾದವನು. ಅವನು ಎಂದೂ ಮುಗಿಸದಿದ್ದರಂತೂ ಇನ್ನೂ ಮೇಲು, ಇದನ್ನು ಅವನಿಗೆ ಹೇಳಲು ಧೈರ್ಯ ಬೇಕು.

ಅಂಥವರ ಮನೆಗೆ ಊಟಕ್ಕೆ ಹೋದಾಗ ‘ಮೀನು ಯಾವಾಗ ಬರುತ್ತೆ?’ ಅಂತ ಕೇಳಬೇಡಿ. ‘ಡ್ರೈನ್ ಎಲ್ಲಿಟ್ಟಿದೀರಿ?’ ಅಂತ ಕೇಳಿ. ಊಟ ಒಂದು ಗಂಟೆ ತಡವಾಗುತ್ತದೆ, ಅಷ್ಟೆ.